ಗುಲಾಬಿ ಪಾತಿಯ ಮಣ್ಣು

ನಿಟ್ಟುವಳ್ಳಿ, ಹೊರಡುವ ಮುನ್ನ

ಇಂಗ್ಲೆಂಡಿಗೆ ಹೋಗಿಬಂದವರು ಅರಮನೆ, ಸೇತುವೆ, ಗಡಿಯಾರದ ಗೋಪುರ ನೋಡಿ ಬಂದು ಬರೆಯುತ್ತಾರೆ. ನಾನು ಅವ್ಯಾವುದನ್ನೂ ನೋಡಲಿಲ್ಲ. ನಾನು ನೋಡಿದ್ದು ಒಂದು ಸ್ಮಶಾನ, ಅದೂ ನಗರಸಭೆ ನಡೆಸುವ ಸ್ಮಶಾನ. ವಾಪಸ್ ಬಂದ ಮೇಲೆ 'ಅಲ್ಲಿ ಏನೇನ್ ನೋಡಿದ್ರಿ ಮೇಷ್ಟ್ರೇ?' ಎಂದು ಕೇಳಿದವರಿಗೆಲ್ಲ 'ಚಳಿ' ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಈಗ ತಪ್ಪಿಸಿಕೊಳ್ಳುವ ಅಗತ್ಯ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದಾವಣಗೆರೆ ಜಿಲ್ಲೆಯಾದ ಮರುವರ್ಷ ನಾನು ಹೈಸ್ಕೂಲಿನಿಂದ ನಿವೃತ್ತನಾದೆ. ಕೆಲಸಕ್ಕೆ ಸೇರಿದಾಗಿನಿಂದ ಇಂಗ್ಲಿಷ್ ಕಲಿಸಿದವನು. ನಾನು ಮಾಡುತ್ತಿದ್ದ ಪಾಠಗಳಲ್ಲಿ ನನಗೆ ಬಹಳ ಇಷ್ಟವಾಗಿದ್ದದ್ದು ಒಂದೇ: ಒಂದು ಪುಟದ ಸಂಗತಿಯನ್ನು ನಾಲ್ಕು ಸಾಲಿಗೆ ಇಳಿಸುವುದು. 'ಬ್ಯಾಡಾದ ಶಬ್ದ ಹೊಡೆದು ಹಾಕ್ರಿ' ಎನ್ನುತ್ತ ಕೆಂಪು ಪೆನ್ನು ಹಿಡಿದು ತರಗತಿಯ ತುಂಬ ಓಡಾಡುತ್ತಿದ್ದೆ. ಆ ಮಾತು ಈಗ ನೆನಪಾದರೆ ನಾಲಿಗೆ ಕಹಿಯಾಗುತ್ತದೆ.

ಶಾಲೆಯಲ್ಲಿ ಹಾಕಿದ ಹಾರ ಇನ್ನೂ ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಮನೆಯ ಗೋಡೆಯ ಮೊಳೆಯಲ್ಲಿ ಒಣಗುತ್ತಿತ್ತು, ಅತ್ತಿಗೆ ಬಂದು ಎದುರಿಗೆ ಕೂತರು. ಅತ್ತಿಗೆ ಎಂದರೆ ಗೌರಮ್ಮ, ನಮ್ಮಣ್ಣ ಶಿವಮೂರ್ತಿಯ ಹೆಂಡತಿ. ಅಣ್ಣ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಅಲ್ಲಿಂದ ಹರಿಹರದ ಗೆಳೆಯ ಖಾದರ್ ಸಾಹೇಬರ ಜೊತೆ ಇಂಗ್ಲೆಂಡಿನ ಉತ್ತರಕ್ಕಿರುವ ಒಂದು ಗಿರಣಿಯೂರಿಗೆ ಹೋದ. ಎರಡನೆಯ ಚಳಿಗಾಲ ದಾಟುವ ಮೊದಲೇ ನ್ಯುಮೋನಿಯಾ ಆಗಿ ಅಲ್ಲೇ ತೀರಿಕೊಂಡ. ಆಗ ನನಗೆ ಇಪ್ಪತ್ತು ವರ್ಷ, ಅತ್ತಿಗೆಗೂ ಹೆಚ್ಚುಕಡಿಮೆ ಅಷ್ಟೇ. ತಂತಿ ಬಂದ ದಿನ ಅವರ ಬಳೆ ತೆಗೆಸಿದರು. ಗಂಡನ ಮುಖ ನೋಡದೆ, ಒಂದು ಹಿಡಿ ಮಣ್ಣು ಹಾಕದೆ, ಒಂದು ಕಾಗದದ ಚೂರನ್ನು ನಂಬಿ ಅವರು ವಿಧವೆಯಾದರು. ಆಮೇಲೆ ನಮ್ಮ ಮನೆಯಲ್ಲೇ ಉಳಿದರು, ನನ್ನ ಮಕ್ಕಳನ್ನು ಎತ್ತಿ ಆಡಿಸಿದರು.

"ಚನ್ನಪ್ಪಾ, ನೀನೊಮ್ಮೆ ಹೋಗಿ ಬಾ," ಎಂದರು ಅತ್ತಿಗೆ. "ಅವ್ರನ್ನ ಹೂಳಿದ ಜಾಗದಾಗ ವಿಭೂತಿ ಇಟ್ಟು, ಅಲ್ಲಿಂದ ಒಂದು ಹಿಡಿ ಮಣ್ಣು ತಗೊಂಡ್ ಬಾ. ನಾಳೆ ನಾನು ಹೋದಾಗ ನನ್ ಕುಣಿಯೊಳಗ ಆ ಮಣ್ಣು ಬೀಳ್ಬೇಕು. ಇನ್ನೇನೂ ಬ್ಯಾಡ ನನಗೆ."

ಅವರು ನನ್ನಿಂದ ಕೇಳಿದ್ದು ಅದೊಂದೇ. ಇಲ್ಲವೆನ್ನಲು ನನಗೆ ಬಾಯಿ ಎಲ್ಲಿತ್ತು? ನಮ್ಮ ಲಿಂಗಾಯತರ ಮನೆಗಳಲ್ಲಿ ಹೆಣವನ್ನು ಸುಡುವುದಿಲ್ಲ. ಕುಣಿಯಲ್ಲಿ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ ಬಿಲ್ವಪತ್ರೆ ತುಂಬಿ ಮಣ್ಣು ಮುಚ್ಚುತ್ತೇವೆ. ಅಣ್ಣನಿಗೂ ಹಾಗೇ ಆಗಿದೆ ಎಂದು ನಮಗೆ ಪೂರ್ತಿ ನಂಬಿಕೆ ಇತ್ತು. ಅಂತ್ಯಕ್ರಿಯೆ ಹೇಗೆ ಮಾಡಬೇಕೆಂದು ಕೇಳಿ ಆ ಊರಿನಿಂದ ತಂತಿ ಬಂದಾಗ ಉತ್ತರ ಬರೆದವನು ನಾನೇ. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದವನು ನಾನೊಬ್ಬನೇ. ತಿಂಗಳ ನಂತರ ಖಾದರ್ ಸಾಹೇಬರ ಕಾಗದವೂ ಬಂತು: 'ಶಿವಮೂರ್ತಣ್ಣನ ಮಣ್ಣು ಮುಗೀತು. ಏನೂ ಕೊರತೆ ಆಗಲಿಲ್ಲ.' ಆ ಕಾಗದ ಅತ್ತಿಗೆಯ ಟ್ರಂಕಿನ ತಳದಲ್ಲಿ ಮಡಿಕೆಗಳಲ್ಲಿ ಹರಿದುಕೊಂಡು ಇವತ್ತಿಗೂ ಇದೆ.

ಒಂದು ವಿಷಯ ಮಾತ್ರ ನನಗೆ ಬಹಳ ವರ್ಷದಿಂದ ಚುಚ್ಚುತ್ತಿತ್ತು. ಖಾದರ್ ಸಾಹೇಬರು ಈ ನಡುವೆ ನಾಲ್ಕು ಸಲ ಹರಿಹರಕ್ಕೆ ಬಂದುಹೋಗಿದ್ದರು, ತಂಗಿಯ ಮದುವೆ, ತಾಯಿಯ ಸಾವು ಎಂದು. ಹರಿಹರದಿಂದ ನಮ್ಮ ಮನೆಗೆ ಅರ್ಧ ಗಂಟೆ ಹಾದಿ. ಒಂದು ಸಲವೂ ಇತ್ತ ತಲೆ ಹಾಕಲಿಲ್ಲ. ಗೆಳೆಯನ ಹೆಂಡತಿ ಬದುಕಿದ್ದಾಳೋ ಸತ್ತಿದ್ದಾಳೋ ಎಂದು ಕೇಳಲಿಲ್ಲ. ವಿಲಾಯಿತಿಗೆ ಹೋದವರ ಸೊಕ್ಕು ಎಂದುಕೊಂಡಿದ್ದೆ. ನಾನು ಬರುತ್ತೇನೆಂದು ಬರೆದಾಗ ಉತ್ತರಕ್ಕೆ ಎರಡು ತಿಂಗಳು ತೆಗೆದುಕೊಂಡರು: 'ಬರ್ರಿ ಮೇಷ್ಟ್ರೇ. ಮನಿ ಐತೆ. ಆದ್ರೆ ಇಷ್ಟು ವರ್ಷದ ಮ್ಯಾಲೆ ಯಾಕ ತ್ರಾಸು ತಗೊಂತೀರಿ?'

ಮ್ಯಾಂಚೆಸ್ಟರ್

ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಎದೆ ಉಬ್ಬಿಸಿ ಹೇಳಿಕೊಳ್ಳುತ್ತಿದ್ದ ಊರಿನಿಂದ ಹೊರಟು ನಿಜವಾದ ಮ್ಯಾಂಚೆಸ್ಟರಿನಲ್ಲಿ ಇಳಿದೆ. ಇಳಿದ ಕೂಡಲೇ ನನ್ನನ್ನು ಸಾಲಿನಿಂದ ಈಚೆಗೆ ಕರೆದರು. ಕಾರಣ, ಅತ್ತಿಗೆ ತಮ್ಮ ಕೈಯಾರೆ ಹಳೆಯ ಪಂಚೆಯಲ್ಲಿ ಸುತ್ತಿ ಕೊಟ್ಟಿದ್ದ ವಿಭೂತಿ ಗಟ್ಟಿಗಳು. ಮೇಜಿನ ಮೇಲೆ ಗಂಟು ಬಿಚ್ಚಿ ಅಧಿಕಾರಿ ಬಿಳಿ ಪುಡಿಯನ್ನು ಬೆರಳಿಗೆ ಹಚ್ಚಿ ನೋಡಿದ, ಮೂಸಿದ, ಇನ್ನೊಬ್ಬನನ್ನು ಕರೆದ. ಒಂದು ನಾಯಿಯೂ ಬಂತು. ಅದು ಮೂಸಿ ಸೀನಿತು.

"ಇದು ಬೂದಿ," ಎಂದೆ ನಾನು. "ಪವಿತ್ರವಾದ ಬೂದಿ. ನನ್ನ ಅಣ್ಣನ ಸಮಾಧಿಗೆ ತಂದದ್ದು."

ಅಧಿಕಾರಿಯ ದನಿ ಮೆತ್ತಗಾಯಿತು. ಟೋಪಿ ತೆಗೆದು ಕೇಳಿದ: "ಯಾರ ಬೂದಿ, ಸರ್?"

ನನಗೆ ಎಲ್ಲಿತ್ತೋ ಸಿಟ್ಟು. ಮೂವತ್ತೈದು ವರ್ಷ ವ್ಯಾಕರಣ ಕಲಿಸಿದ ಇಂಗ್ಲಿಷನ್ನೆಲ್ಲ ಹೊರಗೆ ತೆಗೆದೆ. ಇದು ಹಸುವಿನ ಸಗಣಿಯ ಬೂದಿ, ಮನುಷ್ಯರದ್ದಲ್ಲ. ನಮ್ಮ ಜನ ಸತ್ತವರನ್ನು ಸುಡುವುದಿಲ್ಲ. ಎಲ್ಲ ಹಿಂದೂಗಳೂ ಸುಡುತ್ತಾರೆಂದು ನೀವು ತಿಳಿದಿದ್ದರೆ ಅದು ತಪ್ಪು. ನಾವು ಹೂಳುವವರು, ನನ್ನ ಅಣ್ಣನನ್ನು ನಿಮ್ಮದೇ ನೆಲದಲ್ಲಿ ಹೂಳಿದ್ದಾರೆ. ಹೀಗೆ ಒಂದು ಪಾಠವನ್ನೇ ಮಾಡಿದೆ. ಆತ ಕೈಕಟ್ಟಿ ಕೇಳಿ, ಕ್ಷಮೆ ಕೇಳಿ, ಗಂಟನ್ನು ನನಗಿಂತ ಅಚ್ಚುಕಟ್ಟಾಗಿ ಕಟ್ಟಿಕೊಟ್ಟ. ಗೆದ್ದೆನೆಂಬ ಹಮ್ಮಿನಲ್ಲಿ ಹೊರಗೆ ಬಂದೆ. ಆ ಹಮ್ಮು ಮೂರು ದಿನ ಬಾಳಿತು.

ಖಾದರ್ ಸಾಹೇಬರ ಮನೆ

ಕೆಂಪು ಇಟ್ಟಿಗೆಯ ಸಾಲುಮನೆಗಳ ಬೀದಿ. ಬಾಗಿಲು ತೆರೆದವರು ಬೆನ್ನು ಬಾಗಿದ, ಉಣ್ಣೆಯ ಟೋಪಿ ಹಾಕಿದ ಮುದುಕ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಬಾಯಿ ತೆರೆದರೆ ನಾನು ಹುಡುಗನಾಗಿದ್ದಾಗಿನ ದಾವಣಗೆರೆಯ ಮಾತು ಇದ್ದಹಾಗೇ ಬಂತು.

"ಒಳಗ ಬರ್ರಿ ಮೇಷ್ಟ್ರೇ, ಥಂಡಿ ಐತೆ. ಕೂಡ್ರಿ. ಹೊಳಿ ತುಂಬೈತೇನ್ರಿ ಈ ಸಲ?"

"ತುಂಬೈತೆ."

"ಮಿಲ್ಲಿನ ಸೈರನ್ ಕೂಗ್ತೈತಾ?"

"ಮಿಲ್ಲೇ ಇಲ್ಲ ಸಾಹೇಬ್ರೇ. ಒಂದೊಂದೇ ಮುಚ್ಚಿದ್ವು."

"ಇಲ್ಲೂ ಹಂಗೇ. ನಾನೂ ಶಿವಮೂರ್ತಣ್ಣನೂ ದುಡಿದ ಮಿಲ್ಲು ಈಗ ಜಮಖಾನಿ ಅಂಗಡಿ ಆಗೈತೆ." ಅವರು ನಗಲು ನೋಡಿದರು, ಆಗಲಿಲ್ಲ.

ಸಂಜೆ ಅವರು ಪ್ರೀತಿಯಿಂದ ಒಂದು ಅನಾಹುತ ಮಾಡಿದರು. ಇಲ್ಲಿಯ ಜನ ಬೆಳಿಗ್ಗೆ ಹಾಲಿಗೆ ಹಾಕಿಕೊಂಡು ತಿನ್ನುವ ಅಕ್ಕಿಯ ಅರಳನ್ನು ತಂದು, ಅದಕ್ಕೆ ಈರುಳ್ಳಿ ಮೆಣಸಿನಕಾಯಿ ಒಗ್ಗರಣೆ ಹಾಕಿ ಮಂಡಕ್ಕಿ ಎಂದು ಕೊಟ್ಟರು. ಆ ಅರಳಿಗೆ ಮೊದಲೇ ಸಕ್ಕರೆ ಸವರಿರುತ್ತದೆ ಎಂಬುದು ಇಬ್ಬರಿಗೂ ಬಾಯಿಗೆ ಹಾಕಿಕೊಂಡ ಮೇಲೆ ಗೊತ್ತಾಯಿತು. ಇಬ್ಬರೂ ತಟ್ಟೆ ಖಾಲಿ ಮಾಡಿದೆವು.

ಸ್ಮಶಾನದ ಮಾತೆತ್ತಿದರೆ ಮಾತ್ರ ಅವರಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು. ಮೊದಲ ದಿನ ಮಳೆ ಎಂದರು. ಎರಡನೆಯ ದಿನ ಮೊಣಕಾಲು ಎಂದರು. ಮೂರನೆಯ ದಿನ ನಾನೇ ಕೋಟು ಹಾಕಿಕೊಂಡು, ವಿಭೂತಿಯ ಗಂಟು ಹಿಡಿದು ಬಾಗಿಲಲ್ಲಿ ನಿಂತೆ. "ದಾರಿ ಹೇಳ್ರಿ ಸಾಕು, ನಾನೇ ಹೋಗ್ತೀನಿ," ಎಂದೆ. ನನ್ನ ದನಿಯಲ್ಲಿದ್ದ ಸಿಟ್ಟು ಅವರಿಗೆ ತಿಳಿಯದೆ ಇರಲಿಲ್ಲ. ಅವರು ಕೋಲು ತೆಗೆದುಕೊಂಡು ಜೊತೆಗೆ ಬಂದರು.

ಎರಡು ಗುಡಿಗಳ ಬಾಗಿಲು

ಊರ ಆಚೆಯ ಗುಡ್ಡದ ಇಳಿಜಾರಿನಲ್ಲಿತ್ತು ಆ ಸ್ಮಶಾನ. ಕಬ್ಬಿಣದ ದೊಡ್ಡ ಗೇಟು ದಾಟಿದರೆ ಎದುರಿಗೆ ಒಂದು ಕಮಾನು, ಕಮಾನಿನ ಮೇಲೆ ಚೂಪು ಗೋಪುರ. ಕಮಾನಿನ ಎಡಕ್ಕೊಂದು ಪ್ರಾರ್ಥನಾ ಮಂದಿರ, ಬಲಕ್ಕೊಂದು, ಎರಡೂ ತದ್ರೂಪು. ಯಾವುದೋ ಬಂಗಲೆಯ ತೋಟಕ್ಕೆ ಬಂದಂತಿತ್ತು. ಜನ ನಾಯಿ ಹಿಡಿದುಕೊಂಡು ಅಡ್ಡಾಡುತ್ತಿದ್ದರು. ಒಬ್ಬ ಹೆಂಗಸು ಗೋರಿಯ ಪಕ್ಕದ ಬೆಂಚಿನಲ್ಲಿ ಕೂತು ಬ್ರೆಡ್ಡು ತಿನ್ನುತ್ತ ಕಲ್ಲಿನೊಡನೆ ಏನೋ ಹೇಳಿಕೊಳ್ಳುತ್ತಿದ್ದಳು. ನಮ್ಮಲ್ಲಿ ಮಣ್ಣಿಗೆ ಹೋದವರು ಮನೆಗೆ ಬಂದು ತಲೆಗೆ ನೀರು ಹಾಕಿಕೊಳ್ಳದೆ ಒಂದು ಲೋಟ ನೀರು ಮುಟ್ಟುವುದಿಲ್ಲ.

ಖಾದರ್ ಸಾಹೇಬರು ಗೇಟಿನ ಹತ್ತಿರದ ಬೆಂಚಿನಲ್ಲಿ ಕೂತುಬಿಟ್ಟರು. "ಕಚೇರಿ ಅಲ್ಲೈತೆ. ಹತ್ತು ಗಂಟಿಗೆ ತೆಗೀತಾರೆ. ನೀವ್ ಹೋಗ್ರಿ," ಎಂದರು. ಕಚೇರಿ ತೆರೆಯಲು ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ವಾಲ್ಟರ್ ಎಂಬ ಮುದುಕ ನನ್ನನ್ನು ಹಿಡಿದುಕೊಂಡ. ನಿವೃತ್ತ ಮೆಕ್ಯಾನಿಕ್ಕು. ಯಾರೂ ಕೇಳದಿದ್ದರೂ ಬಂದವರಿಗೆಲ್ಲ ಸ್ಮಶಾನ ತೋರಿಸುವುದು ಅವನ ಹವ್ಯಾಸ.

ಊರಿನ ಚರ್ಚುಗಳ ಅಂಗಳದಲ್ಲಿ ಹೆಣದ ಮೇಲೆ ಹೆಣ ಹಾಕಿ ಜಾಗ ಸಾಲದಾಗಿ, ಕಾಲರಾ ಬಂದು ಜನ ಹೆದರಿದ ಮೇಲೆ, ನಗರಸಭೆಯವರು ಈ ಗುಡ್ಡದ ಹೊಲ ಕೊಂಡು ಸ್ಮಶಾನ ಮಾಡಿದರಂತೆ. ಮರ ನೆಟ್ಟು, ಸುತ್ತು ದಾರಿ ಮಾಡಿ, ಜನ ವಿಹಾರಕ್ಕೆ ಬರಲಿ ಎಂದೇ ಕಟ್ಟಿಸಿದರಂತೆ. ಎಲ್ಲ ಸರಿ, ಬಿಷಪ್ಪರು ಬಂದು ನೆಲವನ್ನು ಪವಿತ್ರ ಮಾಡಬೇಕಲ್ಲ? ಸರ್ಕಾರಿ ಚರ್ಚಿಗೆ ಸೇರಿದವರ ನೆಲ ಬೇರೆಯವರ ನೆಲಕ್ಕೆ ತಾಗುವ ಹಾಗಿದ್ದರೆ ತಾವು ಬರುವುದಿಲ್ಲ ಎಂದು ಅವರು ಪಟ್ಟು ಹಿಡಿದರು. ನಡುವೆ ನೆಲದ ಒಳಗೇ ಒಂದು ಗೋಡೆ ಕಟ್ಟಿಸಿದರು. ಮೇಲೆ ಏನೂ ಕಾಣುವುದಿಲ್ಲ, ಬರೀ ಹುಲ್ಲು.

"ಹೆಣಗಳು ಈಚೆಯಿಂದ ಆಚೆ ಹೋಗಬಾರದು ಎಂದು," ಎಂದು ಹೇಳಿ ವಾಲ್ಟರ್ ಗಹಗಹಿಸಿ ನಕ್ಕ. ಎರಡು ಪ್ರಾರ್ಥನಾ ಮಂದಿರಗಳ ಗುಟ್ಟೂ ಅದೇ.

ನನಗೆ ನಗು ಬರಲಿಲ್ಲ. ಜಾತಿಗೊಂದು ಸ್ಮಶಾನ ಮಾಡಿಕೊಂಡ ಊರಿನಿಂದ ಹೋದವನು ನಾನು. ನಮ್ಮವರೇ ಯಾರೋ ಹೋಗಿ ನಕ್ಷೆ ಹಾಕಿಕೊಟ್ಟಿರಬೇಕು ಎಂದುಕೊಂಡೆ.

ಒಬ್ಬ ಗಿರಣಿ ಮಾಲೀಕನ ಗೋರಿ ನಮ್ಮ ಮನೆಗಿಂತ ದೊಡ್ಡದಿತ್ತು. ಅದರ ಕಂಬಗಳ ಮೇಲೆ ಹತ್ತಿಯ ಕಾಯಿ ಒಡೆದು ಅರಳಿದಂತೆ, ನಡುವೆ ಲಾಳಿ ಇಟ್ಟಂತೆ ಕೆತ್ತಿದ್ದರು. ಅದರ ಕೆಳಗೆ ಇಳಿಜಾರಿನಲ್ಲಿ ಖಾಲಿ ಹುಲ್ಲು, ಹುಲ್ಲಿನಲ್ಲಿ ಅಲ್ಲಲ್ಲಿ ನಂಬರು ಬರೆದ ಕಬ್ಬಿಣದ ಗೂಟ. ಕಲ್ಲಿಗೆ ಗತಿಯಿಲ್ಲದ ಕೆಲಸಗಾರರ ಗುಂಡಿಗಳು ಅವು. ಒಂದೊಂದು ಗುಂಡಿಯಲ್ಲಿ ಒಬ್ಬರ ಮೇಲೊಬ್ಬರಂತೆ ಗುರುತಿಲ್ಲದ ಜನ. ಅಣ್ಣನೂ ಇಲ್ಲೇ, ಯಾರ ಮೇಲೋ, ಯಾರ ಕೆಳಗೋ ಇರಬಹುದು. ಕೂರಿಸುವುದಂತೂ ದೂರವೇ ಉಳಿಯಿತು. ಅತ್ತಿಗೆಗೆ ಇದನ್ನು ಹೇಗೆ ಹೇಳಲಿ ಎಂದು ಆಗಲೇ ಮಾತು ಹೊಂದಿಸತೊಡಗಿದ್ದೆ.

ಕೆಟ್ಟದ್ದೆಂದರೆ ಇದೇ ಎಂದು ನಾನು ತಿಳಿದಿದ್ದೆ.

ಕಚೇರಿ

ಕಚೇರಿಯಲ್ಲಿ ಮಾರ್ಗರೆಟ್ ಎಂಬ ಹೆಂಗಸು ಇದ್ದಳು. ಹೆಸರು, ವರ್ಷ ಬರೆದುಕೊಂಡಳು. ಎದೆಯೆತ್ತರದ ದಫ್ತರುಗಳು, ಚರ್ಮದ ಬೆನ್ನು, ಒಂದಕ್ಕೂ ಗೆದ್ದಲಿಲ್ಲ. ಮೊದಲ ದಿನ ಹೂಳಿದವನಿಂದ ಹಿಡಿದು ನಿನ್ನೆ ಹೂಳಿದವನ ತನಕ ಎಲ್ಲರ ಹೆಸರು, ಕಸುಬು, ಕಾಯಿಲೆ, ಗುಂಡಿಯ ಆಳ ಎಲ್ಲ ಅದರಲ್ಲಿ ಉಂಟು. ನಮ್ಮ ತಾಯಿಯನ್ನು ದಾವಣಗೆರೆಯಲ್ಲಿ ಹೂಳಿ ಹತ್ತು ವರ್ಷಕ್ಕೆ ಹೋಗಿ ಹುಡುಕಿದರೆ ಬಳ್ಳಾರಿ ಜಾಲಿಯ ಮೆಳೆ ಬಿಟ್ಟು ಏನೂ ಸಿಗಲಿಲ್ಲ. ನಗರಸಭೆಯಲ್ಲಿ ಕೇಳಿದರೆ 'ಅದನ್ನೆಲ್ಲ ಯಾರು ಬರಕೊಂತಾರ್ರಿ?' ಎಂದಿದ್ದರು.

ಶಿವಮೂರ್ತಿ ಎಂದು ಹುಡುಕಿದಳು, ಇಲ್ಲ. ಅಪ್ಪನ ಹೆಸರಿರಬಹುದೆಂದು ಸಿದ್ದಪ್ಪ ಎಂದು ಹುಡುಕಿಸಿದೆ, ಇಲ್ಲ. ಪಾಸ್‌ಪೋರ್ಟಿನಲ್ಲಿ ನಮ್ಮ ಹಳ್ಳಿಯ ಹೆಸರೂ ಸೇರಿತ್ತು, ಭಾನುವಳ್ಳಿ ಎಂದು ಹುಡುಕಿಸಿದೆ, ಅದೂ ಇಲ್ಲ. ನನಗೆ ಸಿಟ್ಟು ಬಂತು. ಎಷ್ಟು ಚಂದ ದಫ್ತರು ಇಟ್ಟರೇನು, ಕರಿಯ ಕೂಲಿಯವನ ಹೆಸರು ಬರೆದಿರಲಿಕ್ಕಿಲ್ಲ ಎಂದು ಅಂದೇಬಿಟ್ಟೆ.

ಮಾರ್ಗರೆಟ್ ನೊಂದುಕೊಳ್ಳಲಿಲ್ಲ. ದಫ್ತರು ಮುಚ್ಚಿ ಕೇಳಿದಳು: "ಇನ್ನೊಂದು ಪುಸ್ತಕ ಇದೆ. ಅದನ್ನು ನೋಡಲೇ?"

"ಯಾವ ಪುಸ್ತಕ?"

"ಸುಟ್ಟವರದು."

"ಬೇಡ," ಎಂದೆ. "ನಮ್ಮಲ್ಲಿ ಸುಡುವುದಿಲ್ಲ." ವಿಮಾನ ನಿಲ್ದಾಣದಲ್ಲಿ ಹೇಳಿದ ಪಾಠವನ್ನೇ ಮತ್ತೆ ಶುರುಮಾಡಿದೆ. ಅವಳು ತಲೆಯಾಡಿಸುತ್ತಲೇ ಹಸಿರು ರಟ್ಟಿನ ತೆಳು ಪುಸ್ತಕ ತೆಗೆದಳು. ಬೆರಳು ಒಂದು ಕಡೆ ನಿಂತಿತು. ಆಮೇಲೆ ಅವಳು ಪುಸ್ತಕವನ್ನು ನನ್ನತ್ತ ತಿರುಗಿಸಲಿಲ್ಲ. ಎದ್ದು ಹೋಗಿ ಚಹಾ ಮಾಡಿ ತಂದಳು. ಕೆಟ್ಟ ಸುದ್ದಿಯ ಮುಂಚೆ ಈ ಜನ ಚಹಾ ಕೊಡುತ್ತಾರೆ.

ಎರಡು ಪ್ರಾರ್ಥನಾ ಮಂದಿರಗಳಲ್ಲಿ ಬಲಗಡೆಯದನ್ನು ಅಣ್ಣ ಸತ್ತ ಹೊತ್ತಿಗಾಗಲೇ ಗ್ಯಾಸಿನ ಚಿತಾಗಾರವಾಗಿ ಮಾರ್ಪಡಿಸಿದ್ದರು. ನನ್ನ ಅಣ್ಣನನ್ನು ಅಲ್ಲಿ ಸುಟ್ಟಿದ್ದರು. ಬೂದಿಯನ್ನು ಹಿಂದಿನ ಗುಲಾಬಿ ತೋಟದಲ್ಲಿ ಚೆಲ್ಲಿದ್ದರು. 'ಯಾರ ಸೂಚನೆಯ ಮೇರೆಗೆ' ಎಂಬ ಕಾಲಮ್ಮಿನಲ್ಲಿ 'ಭಾರತದಿಂದ ಕುಟುಂಬದ ತಂತಿ' ಎಂದಿತ್ತು. ಆ ತಂತಿಯನ್ನೂ ಅವರು ಕಳೆದಿರಲಿಲ್ಲ. ಒಂದು ಲಕೋಟೆಯಲ್ಲಿ ಇಟ್ಟಿದ್ದರು. ಹಳದಿ ಕಾಗದ, ಅಂಟಿಸಿದ ಪಟ್ಟಿಯಲ್ಲಿ ನನ್ನ ಐದು ಶಬ್ದ: ಪರ್ಫಾರ್ಮ್ ಲಾಸ್ಟ್ ರೈಟ್ಸ್ ಹಿಂದೂ ಕಸ್ಟಮ್. ಹಿಂದೂ ಪದ್ಧತಿಯಂತೆ ಅಂತ್ಯಕ್ರಿಯೆ ನಡೆಸಿ.

ಆ ದಿನ ತಂತಿ ಆಫೀಸಿನಲ್ಲಿ ನಾನು ಮೊದಲು ಬರೆದದ್ದು ಆರು ಶಬ್ದ. ಶಾಲೆಯ ಅರ್ಜಿಗಳಲ್ಲಿ ಬರೆದು ಬರೆದು ಕೈಗೆ ರೂಢಿಯಾಗಿತ್ತಲ್ಲ: ಹಿಂದೂ, ಅಡ್ಡಗೆರೆ, ಲಿಂಗಾಯತ. ಗುಮಾಸ್ತ ಕಾಗದ ನೋಡಿ ನಕ್ಕ. "ಲಿಂಗಾಯತ ಅಂದ್ರೆ ಅಲ್ಲಿ ಯಾವ ದೊರಿಗೆ ತಿಳೀತೈತೆ? ಹಿಂದೂ ಅಂದ್ರೆ ಸಾಕ್ರಿ," ಎಂದ. ನನಗೂ ಸರಿ ಅನ್ನಿಸಿತು. ಒಳ್ಳೆಯ ಇಂಗ್ಲಿಷ್ ಎಂದರೆ ಚಿಕ್ಕ ಇಂಗ್ಲಿಷ್ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಆ ಶಬ್ದ ಹೊಡೆದುಹಾಕಿದೆ. ಹೂಳಿ ಎಂದು ಬರೆಯಬೇಕೆಂದು ಹೊಳೆಯಲೇ ಇಲ್ಲ. ಸತ್ತವರನ್ನು ಹೂಳದೆ ಇನ್ನೇನು ಮಾಡುತ್ತಾರೆ? ನಾನು ಹುಟ್ಟಿ ಬೆಳೆದ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಿದ್ದೇ ಇಲ್ಲ.

ಲಕೋಟೆಯಲ್ಲಿ ಇನ್ನೊಂದು ಚೀಟಿ ಇತ್ತು. ಮಾರ್ಗರೆಟ್ ಅದನ್ನು ಓದಿದಳು. ಮೃತನ ಗೆಳೆಯನೊಬ್ಬ, ಮುಸಲ್ಮಾನ, ಎರಡು ಬಾರಿ ಕಚೇರಿಗೆ ಬಂದು ಇವರನ್ನು ಹೂಳಬೇಕು, ಸುಡಬಾರದು ಎಂದು ಒತ್ತಾಯ ಮಾಡಿದ. ಕುಟುಂಬದ ತಂತಿ ತೋರಿಸಿ ಕಳುಹಿಸಲಾಯಿತು.

ಇಷ್ಟೇ. ಅವರು ತಪ್ಪು ಮಾಡಲಿಲ್ಲ. ಕೇಳಿದರು, ನಾನು ಹೇಳಿದೆ, ಹೇಳಿದಂತೆ ಮಾಡಿದರು. ಬೈಯುವುದಕ್ಕಾದರೂ ಯಾರಾದರೂ ಸಿಗಬೇಕಿತ್ತು.

ಗುಲಾಬಿ ತೋಟ

ಗುಲಾಬಿ ತೋಟ ಅಂದರೆ ದುಂಡನೆಯ ಪಾತಿಗಳು, ಚಳಿಗೆ ಕತ್ತರಿಸಿ ಬಿಟ್ಟ ಮುಳ್ಳುಕಡ್ಡಿಗಳು. ಒಂದು ಹೂವಿಲ್ಲ. ಯಾವ ಪಾತಿ ಎಂದು ದಫ್ತರಿನಲ್ಲಿ ಬರೆದಿರಲಿಲ್ಲ. ಅದೊಂದನ್ನೇ ಅವರು ಬರೆಯದೆ ಬಿಟ್ಟದ್ದು. ನಾನು ಒಂದು ಪಾತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ವಿಭೂತಿ ಗಟ್ಟಿಗಳನ್ನು ಇಟ್ಟೆ. ಜಿಟಿಜಿಟಿ ಮಳೆಗೆ ಅವು ಕರಗಿ ಕಪ್ಪು ಮಣ್ಣಿನ ಮೇಲೆ ಸುಣ್ಣದ ಹಾಗೆ ಹರಿದವು.

ಖಾದರ್ ಸಾಹೇಬರು ಹಿಂದೆ ಬಂದು ನಿಂತಿದ್ದರು.

"ಗೊತ್ತಾತೇನ್ರಿ?" ಎಂದರು.

"ನೀವ್ಯಾಕ ಬರೀಲಿಲ್ಲ?" ನಾನು ಕೂಗಿಯೇಬಿಟ್ಟೆ. "ಮಣ್ಣು ಮುಗೀತು ಅಂತ ಯಾಕ ಬರದ್ರಿ?"

"ಏನಂತ ಬರೀಲಿ ಮೇಷ್ಟ್ರೇ? ನಿಮ್ ಮೈದುನನೇ ಸುಡು ಅಂತ ಹೇಳ್ಯಾನ ಅಂತ ಬರೀಲಾ? ಆ ಹೆಣ್ಮಗಳಿಗೆ ನೀವೇ ಓದಿ ಹೇಳ್ಬೇಕಿತ್ತು ಆ ಕಾಗದಾನ." ಅವರು ಕೋಲನ್ನು ನೆಲಕ್ಕೆ ಊರಿದರು. "ನಾವೂ ಹೂಳ್ತೀವಿ, ಇವ್ರೂ ಹೂಳ್ತಾರೆ, ಬೆಂಕಿಗಿ ಹಾಕಬ್ಯಾಡ್ರಿ ಅಂತ ಕೈ ಮುಗ್ದು ಕೇಳ್ಕೊಂಡೆ. ನನಗೆ ಇಂಗ್ಲಿಷ್ ಎಲ್ಲಿ ಬರ್ತಿತ್ತು? ಅವ್ರು ತಂತಿ ತೋರ್ಸಿದ್ರು. ನಂಗೆ ಓದಾಕೂ ಬರ್ಲಿಲ್ಲ. ಅದಕ್ಕೇ ನಿಮ್ಮ ಮನಿ ಹೊಸ್ತಿಲು ತುಳೀಲಿಲ್ಲ ನಾನು. ಗೌರಮ್ಮಕ್ಕ ಎದುರಿಗೆ ಕುಂತು ಹೆಂಗಾತು ಅಂತ ಕೇಳಿದ್ರೆ ಸುಳ್ಳು ಹೇಳಾಕೆ ನನ್ ಕೈಲಿ ಆಗ್ತಿರ್ಲಿಲ್ಲ."

ಕೋಟಿನ ಒಳಜೇಬಿನಿಂದ ಅವರು ಒಂದು ಕರವಸ್ತ್ರ ತೆಗೆದು ಬಿಚ್ಚಿದರು. ಅದರೊಳಗೆ ಕಪ್ಪಿಟ್ಟ ಬೆಳ್ಳಿಯ ಕರಡಿಗೆ. ಅಣ್ಣ ಕೊರಳಲ್ಲಿ ಕಟ್ಟಿಕೊಳ್ಳುತ್ತಿದ್ದದ್ದು. ಒಳಗೆ ಇಷ್ಟಲಿಂಗ.

"ಇದನ್ನ ಬೆಂಕಿಗಿ ಬಿಡಾಕೆ ಮನಸ್ಸು ಒಪ್ಲಿಲ್ರಿ. ನಾನು ಮುಟ್ಟಬಾರ್ದು ಅಂತ ಗೊತ್ತಿತ್ತು. ಆದ್ರೂ ಪೆಟ್ಟಿಗಿ ಮುಚ್ಚೋ ಮೊದ್ಲು ಬಿಚ್ಚಿ ತಗೊಂಡೆ. ಶಿವಮೂರ್ತಣ್ಣ ದಿನಾ ಎಡಗೈಯಾಗ ಇಟ್ಕೊಂಡು ಕುಂದ್ರತಿದ್ದ. ತಪ್ಪಾಗಿದ್ರೆ ಹೇಳ್ರಿ."

ನಮ್ಮ ಮನೆಯ ಮರ್ಯಾದೆಯನ್ನು ಅಲ್ಲಿ ಉಳಿಸಿದ್ದು ಇಂಗ್ಲಿಷ್ ಬಾರದ ಹರಿಹರದ ಸಾಬರು. ಕಳೆದದ್ದು ಇಂಗ್ಲಿಷ್ ಬಲ್ಲ ನಾನು. ಅಷ್ಟು ವರ್ಷ ಅವರನ್ನು ಸೊಕ್ಕಿನವರೆಂದು ಬೈದಿದ್ದಕ್ಕೆ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ. ಪಾತಿಯಿಂದ ಒಂದು ಹಿಡಿ ಮಣ್ಣು ತೆಗೆದು ವಿಭೂತಿ ತಂದಿದ್ದ ಪಂಚೆಯಲ್ಲೇ ಕಟ್ಟಿಕೊಂಡೆ. ನಾವಿಬ್ಬರೂ ಗೇಟಿನ ಕಡೆ ನಡೆದೆವು. ವಾಲ್ಟರ್ ಎದುರಾಗಿ "ಸಿಕ್ಕಿದರೇ ನಿಮ್ಮ ಅಣ್ಣ?" ಎಂದು ಕೇಳಿದ. ಸಿಕ್ಕಿದ ಎಂದೆ.

ನಿಟ್ಟುವಳ್ಳಿ, ಬಂದ ಮೇಲೆ

ಮಣ್ಣು ಕೊಡುವುದೋ, ಲಿಂಗ ಕೊಡುವುದೋ? ಇದೊಂದೇ ಪ್ರಶ್ನೆ ಹಿಡಿದುಕೊಂಡು ಊರಿಗೆ ಬಂದೆ. ನಮ್ಮಲ್ಲಿ ಲಿಂಗ ದೇಹದ ಜೊತೆಗೇ ಮಣ್ಣಿಗೆ ಹೋಗಬೇಕು. ಆ ಕರಡಿಗೆಯನ್ನು ಅತ್ತಿಗೆಯ ಕೈಗಿಟ್ಟರೆ ಇನ್ನೇನನ್ನೂ ಹೇಳಬೇಕಾಗಿಯೇ ಇಲ್ಲ, ಎಲ್ಲ ತಿಳಿಯುತ್ತದೆ. ಬರೀ ಮಣ್ಣು ಕೊಟ್ಟರೆ ಅವರು ಕೇಳಿದ್ದು ಅವರಿಗೆ ಸಿಗುತ್ತದೆ.

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವರು ಕೈ ತೊಳೆದುಕೊಂಡು ಬಂದು ಕೂತರು. ಗಂಟು ಬಿಚ್ಚಿ ಮಣ್ಣನ್ನು ಮೂಸಿದರು.

"ಕರಿ ಮಣ್ಣು. ನಮ್ ಭಾನುವಳ್ಳಿ ಗದ್ದಿ ಮಣ್ಣು ಇದ್ದಂಗೈತೆ," ಎಂದರು. ಆಮೇಲೆ ಕೇಳಿದರು: "ಕೂರ್ಸಿದ್ರಂತಾ?"

"ಹೂಂ, ಕೂರ್ಸಿದ್ರಂತೆ."

"ಲಿಂಗ?"

"ಕೈಯಾಗೇ ಇತ್ತಂತೆ, ಅತ್ತಿಗೆ. ಖಾದರ್ ಸಾಹೇಬ್ರೇ ನಿಂತು ಎಲ್ಲ ಮಾಡ್ಸ್ಯಾರೆ."

ಕರಡಿಗೆ ನನ್ನ ಅಂಗಿಯ ಜೇಬಿನಲ್ಲಿತ್ತು. ಅದರ ಭಾರ ಎದೆಗೆ ತಾಗುತ್ತಿತ್ತು. ಅತ್ತಿಗೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ತಲೆಯ ಮೇಲೆ ಕೈಯಿಟ್ಟರು, ಅರವತ್ತರ ಹತ್ತಿರದ ನನ್ನ ನರೆತ ತಲೆಯ ಮೇಲೆ.

"ನೀನು ಇಂಗ್ಲಿಷ್ ಕಲ್ತಿದ್ದಕ್ಕೆ ಅವ್ರು ಮಣ್ಣು ಕಂಡ್ರು ಚನ್ನಪ್ಪಾ. ಆವತ್ತು ನೀನು ಸರಿಯಾಗಿ ಬರೀದೇ ಇದ್ದಿದ್ರೆ ಆ ಜನ ಏನ್ ಮಾಡ್ತಿದ್ರೋ ಏನೋ. ದೇವ್ರು ನಿನ್ನ ಚೆಂದಾಗಿ ಇಟ್ಟಿರ್ಲಿ."

ಕರುಣೆಯಿಂದ ಸುಳ್ಳು ಹೇಳಿದೆ ಎಂದು ನನಗೆ ನಾನೇ ಬಹಳ ದಿನ ಹೇಳಿಕೊಂಡೆ. ಅದು ಕರುಣೆ ಅಲ್ಲ, ಶುದ್ಧ ಹೇಡಿತನ. ಆ ಆಶೀರ್ವಾದವನ್ನು ತಲೆಯಿಂದ ಕೊಡವಿಕೊಳ್ಳಲು ನನಗೆ ಧೈರ್ಯ ಇರಲಿಲ್ಲ. ಅವರು ಮಾತ್ರ ಬಂದ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು, ನಮ್ಮ ಮೈದುನ ಎಷ್ಟು ಓದಿದಾನೆ, ಅವನ ಒಂದು ತಂತಿಗೆ ಇಂಗ್ಲೆಂಡಿನ ಜನ ಹೇಗೆ ಬಗ್ಗಿದರು ಎಂದು. ನಾನು ಎದ್ದು ಹೊರಗೆ ಹೋಗುತ್ತಿದ್ದೆ. ನಾಚಿಕೆ ಸ್ವಭಾವ ಎಂದು ಅವರು ನಗುತ್ತಿದ್ದರು.

ರುದ್ರಭೂಮಿ

ಮರುವರ್ಷ ಶ್ರಾವಣದಲ್ಲಿ ಅತ್ತಿಗೆ ಹೋದರು, ಎರಡೇ ದಿನದ ಜ್ವರ. ಜಾಲಿ ಕಡಿದು, ಹಂದಿ ಓಡಿಸಿ, ಅಗೆದ ಕುಣಿ. ಯಾವ ದಫ್ತರಿಗೂ ಅದರ ಆಳ ಗೊತ್ತಿಲ್ಲ. ಅತ್ತಿಗೆಯನ್ನು ಒಳಗೆ ಪದ್ಮಾಸನದಲ್ಲಿ ಕೂರಿಸಿದರು. ಮಠದ ಅಯ್ಯನವರು ಅವರ ಎಡಗೈಯಲ್ಲಿ ಅವರ ಲಿಂಗ ಇಟ್ಟರು. ಮೇಲೆ ನಮ್ಮ ಬಳಗವೆಲ್ಲ ಸುತ್ತುಗಟ್ಟಿ ನಿಂತಿತ್ತು, ಭಾನುವಳ್ಳಿಯವರು, ಅತ್ತಿಗೆಯ ತವರಿನವರು, ನನ್ನ ಮಕ್ಕಳು.

ಮಣ್ಣಿನ ಗಂಟು ಹಿಡಿದು ನಾನು ಕುಣಿಗೆ ಇಳಿದೆ. ಗುಲಾಬಿ ಪಾತಿಯ ಮಣ್ಣನ್ನು ಅವರ ಮಡಿಲಿಗೆ ಸುರಿದೆ. ಆಮೇಲೆ ಜೇಬಿನಿಂದ ಕರಡಿಗೆ ತೆಗೆದು ಅದರ ಪಕ್ಕಕ್ಕೆ ಇಟ್ಟೆ.

ಅಯ್ಯನವರು ಬಗ್ಗಿ ನೋಡಿದರು. "ಇದ್ಯಾರ್ದು ಮೇಷ್ಟ್ರೇ? ಅಮ್ಮಾರದು ಕೈಯಾಗೈತಲ್ಲ?"

"ನಮ್ಮಣ್ಣಂದು."

"ಅಣ್ಣಾರದು ಅವ್ರ ಜೊತಿ ಮಣ್ಣಾಗ ಹೋಗ್ಲಿಲ್ವಾ?"

ನಾನು ತಲೆಯೆತ್ತಲಿಲ್ಲ. "ಅಣ್ಣ ಮಣ್ಣಿಗೆ ಹೋಗ್ಲೇ ಇಲ್ಲ," ಎಂದೆ. "ಸುಟ್ರು. ಸುಡ್ರಿ ಅನ್ನೋ ಹಂಗೆ ತಂತಿ ಬರ್ದು ಕೊಟ್ಟೋನು ನಾನು."

ಹೇಳಬೇಕಾಗಿದ್ದವರಿಗೇ ಹೇಳಿದೆ. ಅವರು ಒಂದು ಮೊಳ ದೂರದಲ್ಲಿ ನನ್ನ ಎದುರಿಗೇ ಕೂತಿದ್ದರು, ಹಣೆಯ ತುಂಬ ವಿಭೂತಿ, ಕಣ್ಣು ಮುಚ್ಚಿಕೊಂಡು. ಒಂದು ವರ್ಷದ ಹಿಂದೆ ಇದೇ ಮುಖ ನನ್ನನ್ನು ನೋಡಿ ಚೆಂದಾಗಿರು ಎಂದಿತ್ತು. ಸ್ವಲ್ಪ ಹೊತ್ತು ಕಾದೆ. ಆಮೇಲೆ ಮೇಲೆ ಹತ್ತಲು ಕೈ ಚಾಚಿದೆ. ಯಾರೂ ಕೈ ಕೊಡಲಿಲ್ಲ.